ಫೈಲ್ ಹುಡುಕಾಟವನ್ನು ನಾನು ಚುರುಕು ಮಾಡಿಕೊಂಡದ್ದು ಹೀಗೆ

ಫೈಲ್ ಹುಡುಕುವುದು ಅಂದರೆ ಎರಡು ಬೇರೆ ಕೆಲಸ. ಒಂದು, ಹೆಸರು ಅಲ್ಪಸ್ವಲ್ಪ ನೆನಪಿದೆ, ಎಲ್ಲಿಟ್ಟಿದ್ದೇನೆ ಅನ್ನುವುದು ಮರೆತಿದೆ. ಇನ್ನೊಂದು, ಹೆಸರೂ ಮರೆತಿದೆ, ಒಳಗೆ ಬರೆದ ಒಂದೆರಡು ಪದ ಮಾತ್ರ ನೆನಪಿದೆ. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ದಾರಿ ಮಾಡಿದ ಮೇಲೆಯೇ ಕಾಯುವುದು ತಪ್ಪಿತು.

ಇಂಡೆಕ್ಸ್ (ಹುಡುಕಲು ಮೊದಲೇ ಮಾಡಿಟ್ಟ ಪಟ್ಟಿ) ಆಗದ ಜಾಗದಲ್ಲಿ ಹುಡುಕಿದರೆ ವಿಂಡೋಸ್ ಒಂದೊಂದೇ ಫೋಲ್ಡರಿನೊಳಗೆ ಹೊಕ್ಕು ನೋಡುತ್ತಾ ಹೋಗುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಬದಲಿಸಿ ಓದಲು ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್ ಬೇಕು. ಫೋಲ್ಡರ್‌ಗಳು ಸಾವಿರಾರು ಇದ್ದರೆ ಅದೇ ದೊಡ್ಡ ಹೊರೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿದರೆ ಖಂಡಿತ ವೇಗ ಹೆಚ್ಚುತ್ತದೆ. ಆದರೆ ಹುಡುಕುವ ರೀತಿ ಬದಲಾಗುವುದಿಲ್ಲ, ಅಲ್ವಾ?

ಹೆಸರಿನ ಹುಡುಕಾಟಕ್ಕೆ ನಾನು ಹಾಕಿಕೊಂಡದ್ದು 'ಎವೆರಿಥಿಂಗ್' ಅನ್ನುವ ಉಚಿತ ಸಾಫ್ಟ್‌ವೇರ್. ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಮಾಮೂಲಿ ರೀತಿ) ಡ್ರೈವ್‌ನಲ್ಲಿ ಪ್ರತಿಯೊಂದು ಫೈಲಿನ ಹೆಸರೂ ಮಾಸ್ಟರ್ ಫೈಲ್ ಟೇಬಲ್‌ನಲ್ಲಿ ಮೊದಲೇ ಇರುತ್ತದೆ. ಎವೆರಿಥಿಂಗ್ ಫೋಲ್ಡರ್‌ಗಳನ್ನು ಸುತ್ತುವುದಿಲ್ಲ, ಈ ಟೇಬಲನ್ನೇ ನೇರವಾಗಿ ಓದುತ್ತದೆ. ಹೊಸ ಫೈಲ್ ಬಂದರೆ, ಹಳೆಯದು ಅಳಿದರೆ, ವಿಂಡೋಸ್ ಬರೆದಿಡುವ ಚೇಂಜ್ ಜರ್ನಲ್ ನೋಡಿ ಪಟ್ಟಿಯನ್ನು ತಿದ್ದಿಕೊಳ್ಳುತ್ತದೆ. ಹಾಗಾಗಿ ಅಕ್ಷರ ಒತ್ತುತ್ತಿದ್ದಂತೆಯೇ ಉತ್ತರ ಬರುತ್ತದೆ. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದು ನೋಡಿದರೆ ನನಗೆ ಈಗಲೂ ಖುಷಿ. ಆ ಟೇಬಲ್ ಓದಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ಇನ್‌ಸ್ಟಾಲ್ ಮಾಡುವಾಗಲೇ ಹಿನ್ನೆಲೆಯಲ್ಲಿ ಓಡುವ ಅದರ ಸರ್ವಿಸನ್ನೂ ಹಾಕಿಕೊಂಡರೆ ಪ್ರತಿ ಸಲ ಅನುಮತಿ ಕೇಳುವ ಕಿರಿಕಿರಿ ಇರುವುದಿಲ್ಲ.

ಒಳಗಿನ ಪದಗಳಿಗೆ ವಿಂಡೋಸಿನದೇ ಇಂಡೆಕ್ಸ್ ಇಟ್ಟುಕೊಂಡೆ. ಅದರಲ್ಲಿ 'ಕ್ಲಾಸಿಕ್', 'ಎನ್‌ಹಾನ್ಸ್ಡ್' ಅಂತ ಎರಡು ಆಯ್ಕೆ ಇವೆ. ಎನ್‌ಹಾನ್ಸ್ಡ್ ಇಡೀ ಕಂಪ್ಯೂಟರನ್ನು ಇಂಡೆಕ್ಸ್ ಮಾಡುತ್ತದೆ. ನಾನು ಆರಿಸಿದ್ದು ಕ್ಲಾಸಿಕ್. ನಾನೇ ಬರೆದ, ಮತ್ತೆ ಓದುವ ಕಡತಗಳಿರುವ ಫೋಲ್ಡರ್‌ಗಳನ್ನು ಮಾತ್ರ ಉಳಿಸಿದೆ. ಬ್ಯಾಕಪ್ ಪ್ರತಿಗಳು, ಪ್ರೋಗ್ರಾಮಿಂಗ್ ಲೈಬ್ರರಿಗಳ (ಪ್ರೋಗ್ರಾಂ ಬರೆಯುವಾಗ ಬಳಸುವ ಸಿದ್ಧ ಕೋಡ್‌ಗಳ) ಫೋಲ್ಡರ್‌ಗಳು, ಇಂಥವನ್ನೆಲ್ಲ ತೆಗೆದೆ. ಲೈಬ್ರರಿಗಳಲ್ಲಿ ಸಾವಿರಾರು ಸಣ್ಣ ಫೈಲ್‌ಗಳಿರುತ್ತವೆ. ಅವು ಸುಮ್ನೆ ಇಂಡೆಕ್ಸನ್ನು ಉಬ್ಬಿಸುತ್ತವೆ, ಬೇಕಾದ ಫೈಲನ್ನು ಬೇಡದ ಫಲಿತಾಂಶಗಳ ಕೆಳಗೆ ತಳ್ಳುತ್ತವೆ. ಆಮೇಲೆ ಇಂಡೆಕ್ಸಿಂಗ್ ಆಪ್ಷನ್ಸ್‌ನ 'ಅಡ್ವಾನ್ಸ್ಡ್' ಒಳಗೆ 'ಫೈಲ್ ಟೈಪ್ಸ್' ತೆರೆದೆ. ನನಗೆ ಬೇಕಾದ ಬಗೆಯ ಫೈಲ್‌ಗಳಿಗೆ ಒಳಗಿನ ಬರಹವನ್ನೂ ಓದುವ ಆಯ್ಕೆ ಇದೆಯೇ ಅಂತ ನೋಡಿದೆ. ಅದಿಲ್ಲದಿದ್ದರೆ ಹೆಸರು, ತಾರೀಖಿನಂಥ ಹೊರಗಿನ ವಿವರಗಳಷ್ಟೇ ಸಿಗುತ್ತವೆ.

ಬದಲಾವಣೆ ಮಾಡಿದ ಮೇಲೆ ಇಂಡೆಕ್ಸ್ ಕಟ್ಟಿ ಮುಗಿಯಲು ಸಮಯ ಕೊಡಬೇಕು. ನಾವು ಕೆಲಸ ಮಾಡುತ್ತಿದ್ದರೆ ವಿಂಡೋಸ್ ಅದರ ವೇಗ ತಗ್ಗಿಸುತ್ತದೆ. ಚಾರ್ಜರ್ ಹಾಕಿ, ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ಮಾಡಿ ಬಿಟ್ಟುಬಿಡುವುದು ಒಳ್ಳೆಯದು.

ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೆ ಇದೊಂದೇ ಸಾಲದು. ಅವು ಬರೀ ಚಿತ್ರಗಳು. ಅವನ್ನು ಮೊದಲು ಓಸಿಆರ್ ಮಾಡಿಸಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಬೇಕು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ಜೋಡಣೆಯ ರೀತಿಯಲ್ಲಿ ಮಾಸ್ಟರ್ ಫೈಲ್ ಟೇಬಲ್ಲೂ ಇಲ್ಲ, ಜರ್ನಲ್ಲೂ ಇಲ್ಲ. ಅಂಥ ಡ್ರೈವನ್ನು ಎವೆರಿಥಿಂಗ್‌ನ 'ಫೋಲ್ಡರ್ಸ್' ಪಟ್ಟಿಗೆ ನಾವೇ ಸೇರಿಸಬೇಕು. ಅಲ್ಲಿ ಅದು ಎಲ್ಲ ಫೋಲ್ಡರ್‌ಗಳನ್ನೂ ಸುತ್ತಿಯೇ ಪಟ್ಟಿ ಮಾಡಬೇಕಾಗುತ್ತದೆ, ಹಾಗಾಗಿ ಮೊದಲ ಸಲ ಜಾಸ್ತಿ ಹೊತ್ತು ಹಿಡಿಯುತ್ತದೆ.