ಹಳೇ ಕಾರಿನ ಯಾರ್ಡಿಗೆ 29ಬಿ ತಂದ ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರದಲ್ಲಿರುವ ನಮ್ಮವರು ಬಹಳ ಮಂದಿ ಇವತ್ತಿಗೂ ಸಹಿ ಮಾಡಿಸಿಕೊಂಡ ಖಾಲಿ 29-30 ಫಾರಂ (ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಅರ್ಜಿಗಳು) ನಂಬಿಕೊಂಡೇ ಗಾಡಿ ಕೊಂಡು ಮಾರುತ್ತಿದ್ದಾರೆ. ಆರ್‌ಟಿಒದಿಂದ ಅಧಿಕೃತ ಡೀಲರ್ ಸರ್ಟಿಫಿಕೇಟ್ ತೆಗೆದುಕೊಳ್ಳುತ್ತೇನೆ ಎಂದು ನಾನು ಹೊರಟಾಗ ಪಕ್ಕದ ಯಾರ್ಡಿನವರಿಂದ ಹಿಡಿದು ನಮ್ಮ ಭಾವನವರ ತನಕ ಎಲ್ಲರದ್ದೂ ಒಂದೇ ಮಾತು: "ಇಪ್ಪತ್ತೈದು ಸಾವಿರ ಕಟ್ಟಿ ನೀನಾಗೇ ಹೋಗಿ ಸರ್ಕಾರದ ಕಣ್ಣಿಗೆ ಯಾಕೆ ಬೀಳ್ತೀಯ? ಇಷ್ಟು ವರ್ಷ ನಡೀಲಿಲ್ವಾ?" ಈಗ ನನ್ನ ಕೌಂಟರ್ ಹಿಂದಿನ ಗೋಡೆಯಲ್ಲಿ ಆ ಸರ್ಟಿಫಿಕೇಟ್, ಅಂದರೆ ಫಾರಂ 29ಬಿ, ಫ್ರೇಮ್ ಹಾಕಿಸಿಕೊಂಡು ಕೂತಿದೆ. ಅದು ಬಂದ ಮೇಲೆ ಗಾಡಿ ಕೊಡುವವರು ಹೇಗೆ ಬದಲಾದರು ಅನ್ನುವುದನ್ನು ನಮ್ಮ ಲೈನಿನವರಿಗೆ ತಿಳಿಸಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹಳೇ ಗಾಡಿ ಡೀಲರುಗಳು ಆರ್‌ಟಿಒ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿರುವುದೇ. 2022ರ ಡಿಸೆಂಬರ್ 22ರ ಕೇಂದ್ರದ ಅಧಿಸೂಚನೆ, 2023ರ ಏಪ್ರಿಲ್ 1ರಿಂದ ಜಾರಿ, ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 55ಎಯಿಂದ ಮುಂದಕ್ಕೆ. 29ಎ ಅರ್ಜಿ, 29ಬಿ ಸರ್ಟಿಫಿಕೇಟ್, ಐದು ವರ್ಷದ ಅವಧಿ. ಓದಿದರೆ ನೀರು ಕುಡಿದಷ್ಟು ಸುಲಭ. ಕಷ್ಟ ಇರುವುದು ಅರ್ಜಿ ತುಂಬುವುದರಲ್ಲಿ ಅಲ್ಲ, ಜಾಗದ ಕಾಗದದಲ್ಲಿ.

ನನ್ನ ಹಳೇ ಯಾರ್ಡು ಹೆದ್ದಾರಿಗೆ ಅಂಟಿಕೊಂಡೇ ಇತ್ತು. ತಿಂಗಳಿಗೆ 22 ಸಾವಿರ ಬಾಡಿಗೆ, ಹದಿನಾಲ್ಕು ಹದಿನೈದು ಗಾಡಿ ಆರಾಮಾಗಿ ನಿಲ್ಲುತ್ತಿದ್ದವು. ಆದರೆ ಜಾಗ ಇನ್ನೂ ಕೃಷಿ ಜಮೀನು, ಕನ್ವರ್ಷನ್ ಆಗಿರಲಿಲ್ಲ. ಹಾಗಾಗಿ ಪಂಚಾಯ್ತಿಯಿಂದ ಟ್ರೇಡ್ ಲೈಸೆನ್ಸ್ ಸಿಗಲಿಲ್ಲ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ರಿಜಿಸ್ಟರ್ ಆಗದ್ದು. ರಿಜಿಸ್ಟರ್ ಮಾಡಿಸೋಣ ಅಂದರೆ ಮಾಲೀಕರು, "ಬೇಡಪ್ಪ, ನಾಳೆ ನೀನು ಜಾಗ ಬಿಡಲ್ಲ ಅಂತ ಕೂತರೆ ನಾನೆಲ್ಲಿ ಹೋಗ್ಲಿ?" ಎಂದು ಸುತರಾಂ ಒಪ್ಪಲಿಲ್ಲ. ಅವರ ಭಯವೂ ನ್ಯಾಯವಾದದ್ದೇ. ಇದರ ನಡುವೆ ಒಬ್ಬ ಏಜೆಂಟ್, ಎಲ್ಲಾ ನಾನು ಮಾಡಿಸಿಕೊಡುತ್ತೇನೆ ಎಂದು ಫೀಸಿನ ಮೇಲೆ ನಲವತ್ತು ಸಾವಿರಕ್ಕೆ ಮಾತಾಡಿ, ಅದರಲ್ಲಿ ಹದಿನೈದು ಅಡ್ವಾನ್ಸ್ ತೆಗೆದುಕೊಂಡು ಫೋನ್ ಎತ್ತುವುದನ್ನೇ ಬಿಟ್ಟ. ಆ ದುಡ್ಡು ಇವತ್ತಿಗೂ ಬಂದಿಲ್ಲ.

ಕೊನೆಗೆ ಯಾರ್ಡನ್ನೇ ಬದಲಿಸಿದೆ. ಕನ್ವರ್ಷನ್ ಆದ ಜಾಗ, ಒಳರಸ್ತೆ, ಬಾಡಿಗೆ 38 ಸಾವಿರದ ಹತ್ತಿರ. ಐದು ವರ್ಷದ ಲೀಸ್, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಮಾಲೀಕರಿಗೆ ಧೈರ್ಯ ಬರುವ ಹಾಗೆ ಕರಾರಿನಲ್ಲಿ ಒಂದು ಕಲಂ ಸೇರಿಸಿದ್ದೆ. ನಮ್ಮೂರ ವಕೀಲರೊಬ್ಬರ ಜೊತೆ ಕೂತು ತಲೆ ಓಡಿಸಿ ಬರೆದದ್ದು, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅಡ್ವಾನ್ಸು, ನೆಲಕ್ಕೆ ಜಲ್ಲಿ, ಶೀಟು, ಕ್ಯಾಮೆರಾ, ಬೋರ್ಡು ಎಲ್ಲಾ ಸೇರಿ ನಾಲ್ಕೂವರೆ ಲಕ್ಷದ ಮೇಲೆ ಹೋಯಿತು. 25 ಸಾವಿರದ ಫೀಸು ಇದರ ಮುಂದೆ ಏನೂ ಅಲ್ಲ. ಖರ್ಚಿನ ಲೆಕ್ಕ ಹಾಕುವವರು ಫೀಸನ್ನು ನೋಡಬೇಡಿ, ಜಾಗವನ್ನು ನೋಡಿ.

ಅಷ್ಟಾದರೂ ಅರ್ಜಿ ವಾಪಸ್ ಬಂತು. ಜಿಎಸ್‌ಟಿಯಲ್ಲಿ ಹೊಸ ವಿಳಾಸದ ತಿದ್ದುಪಡಿ ಇನ್ನೂ ಪಾಸಾಗಿರಲಿಲ್ಲ. ಅದು ಸರಿಹೋದ ಮೇಲೆ ಲೀಸಿನಲ್ಲಿ ಸೈಟ್ ನಂಬರು ಒಂದು ರೀತಿ, ಟ್ರೇಡ್ ಲೈಸೆನ್ಸಿನಲ್ಲಿ ಇನ್ನೊಂದು ರೀತಿ ಇದೆ ಎಂದು ಮತ್ತೆ ನಿಂತಿತು. ಒಂದು ಅಡ್ಡಗೆರೆಯ ವ್ಯತ್ಯಾಸ! ಪ್ಯಾನ್, ಜಿಎಸ್‌ಟಿ, ಲೀಸು, ಲೈಸೆನ್ಸು, ಕರೆಂಟ್ ಬಿಲ್ಲು, ಐದರಲ್ಲೂ ವಿಳಾಸ ಅಕ್ಷರ ಅಕ್ಷರ ಒಂದೇ ಆದ ಮೇಲೆ ಇನ್‌ಸ್ಪೆಕ್ಟರ್ ಬಂದು ಯಾರ್ಡು ನೋಡಿದರು, ಫೋಟೊ ತೆಗೆದರು, ಹೋದರು. ಅಲ್ಲಿಂದ ಸರ್ಟಿಫಿಕೇಟ್ ಕೈಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಮೊದಲಿಂದ ಕೊನೆತನಕ ಅಂದರೆ ಏಳೆಂಟು ತಿಂಗಳು ಇರಬಹುದು. ಕಚೇರಿಯವರ ಯಾರ ಕೈಗೂ ಒಂದು ರೂಪಾಯಿ ಮೇಲುದುಡ್ಡು ಕೊಟ್ಟಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಇನ್ನು ಲಾಭದ ಮಾತು. ಸರ್ಟಿಫಿಕೇಟ್ ಬಂದ ಹೊಸದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ವ್ಯಾಗನ್ ಆರ್ ತಂದರು. ಗಾಡಿ ತಾಯಿ ಮಡಿಲಲ್ಲಿ ಬೆಳೆದ ಹಾಗಿತ್ತು, ಓಡಿದ್ದು 40 ಸಾವಿರದ ಒಳಗೆ. ರೇಟಿಗೆ ಒಪ್ಪಿದರು, ಆದರೆ 29-30ಕ್ಕೆ ಸಹಿ ಹಾಕಲು ಕೈ ಬರಲಿಲ್ಲ. ಹಿಂದೆ ಮಾರಿದ ಸ್ಕೂಟರ್ ಒಂದು ಟ್ರಾನ್ಸ್‌ಫರ್ ಆಗದೆ ಯಾರೋ ಆಕ್ಸಿಡೆಂಟ್ ಮಾಡಿ ಇವರಿಗೆ ಕೋರ್ಟಿನಿಂದ ಸಮನ್ಸ್ ಬಂದಿತ್ತಂತೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದು ನಮಗೆಲ್ಲ ಗೊತ್ತು; ಅವರು ಅದನ್ನು ಅನುಭವಿಸಿದ್ದರು. "ಸಾರ್, ಇಲ್ಲಿ ನೋಡಿ" ಎಂದು ಪೋರ್ಟಲ್ ತೆರೆದು, ಗಾಡಿ ಡೀಲರಿಗೆ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ 29ಸಿ ಫಾರಂ ತುಂಬಿದೆ. ಅವರ ಫೋನಿಗೆ ಒಟಿಪಿ ಬಂತು. ಕನ್ನಡಕ ಹಣೆಗೇರಿಸಿ, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಿದರು. ಸ್ವೀಕೃತಿಯ ಪ್ರಿಂಟ್ ಕೈಗಿಟ್ಟು, "ಈ ಗಳಿಗೆಯಿಂದ ಗಾಡಿಗೆ ಏನೇ ಆದರೂ ಕಾನೂನಿನ ಪ್ರಕಾರ ನಾನೇ ಮಾಲೀಕ, ನೀವು ನಿಶ್ಚಿಂತೆಯಾಗಿ ಮನೆಗೆ ಹೋಗಿ" ಎಂದೆ. ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ಬೀದಿಯಿಂದಲೇ ಮೂರೋ ನಾಲ್ಕೋ ಗಾಡಿ ನನಗೆ ಬಂದವು, ಅದೂ ಬೇರೆ ಯಾರ್ಡಿನವರು ಹತ್ತು ಸಾವಿರ ಜಾಸ್ತಿ ಕೊಡುತ್ತೇವೆ ಅಂದರೂ.

29ಸಿಯಲ್ಲಿ ಎಡವುವ ಜಾಗವೂ ಇದೆ. ಗಾಡಿಗಳ ದಾಖಲೆ ಇರುವ ಸರ್ಕಾರದ 'ವಾಹನ್' ಪೋರ್ಟಲಿನಲ್ಲಿ ಮಾಲೀಕರ ನಂಬರ್ ಬದಲು ಅಂದಿನ ಶೋರೂಮಿನವರದ್ದೋ ಏಜೆಂಟರದ್ದೋ ಮೊಬೈಲ್ ನಂಬರ್ ಕೂತಿರುತ್ತದೆ. ಒಟಿಪಿ ಯಾರಿಗೋ ಹೋಗುತ್ತದೆ. ರೇಟು ಮಾತಾಡುವ ಮೊದಲೇ ನಂಬರ್ ಚೆಕ್ ಮಾಡಿ, ತಪ್ಪಿದ್ದರೆ ಮಾಲೀಕರ ಕೈಯಲ್ಲೇ ಅಪ್‌ಡೇಟ್ ಮಾಡಿಸಿ, ಆಮೇಲೆ ಟೋಕನ್ ಕೊಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿನ ಎಚ್‌ಪಿ (ಬ್ಯಾಂಕ್ ಸಾಲದ ನಮೂದು) ತೆಗೆಸದ ಗಾಡಿಗಳದ್ದು ಇನ್ನೊಂದು ತಲೆನೋವು. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ನಾನು ಕೊಡುವುದೇ ಇಲ್ಲ. ಮಾಲೀಕರು ತೀರಿಹೋಗಿ ಮಕ್ಕಳು ಮಾರಲು ಬಂದ ಗಾಡಿಯಾದರೆ ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಯೇ ತೆಗೆದುಕೊಳ್ಳಬೇಕು. ಅಣ್ಣ ತಮ್ಮ ಇಬ್ಬರೂ ಒಪ್ಪಿದ್ದಾರೆ ಎಂಬ ಬಾಯಿಮಾತಿಗೆ ಬೆಲೆಯಿಲ್ಲ.

ಟ್ರಿಪ್ ರಿಜಿಸ್ಟರ್ ಬಗ್ಗೆ ಎಲ್ಲರೂ ಗೊಣಗುತ್ತಾರೆ. ಯಾರ್ಡಿನ ಗಾಡಿ ಹೊರಗೆ ಯಾಕೆ ಹೋಯಿತು, ಯಾರು ಓಡಿಸಿದರು, ಎಷ್ಟು ಹೊತ್ತು, ಎಷ್ಟು ಕಿಲೋಮೀಟರ್ ಎಂದು ಪ್ರತಿ ಸಲ ನಮೂದಿಸಬೇಕು; ಟೆಸ್ಟ್ ಡ್ರೈವ್, ರಿಪೇರಿ, ಪೇಂಟು ಇಂಥದ್ದಕ್ಕೆ ಬಿಟ್ಟು ಗಾಡಿ ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಹುಡುಗರು ಸಂಜೆ ಟೀ ಕುಡಿಯಲು ಯಾರ್ಡಿನ ಗಾಡಿ ತೆಗೆಯುತ್ತಿದ್ದುದು ಇದರಿಂದ ನಿಂತಿತು, ಪೆಟ್ರೋಲ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ಆ ಲೆಕ್ಕವನ್ನೇ ಇಟ್ಟುಕೊಂಡು ನಾನೊಂದು ಪ್ರಯೋಗ ಮಾಡಿದೆ: ಟೆಸ್ಟ್ ಡ್ರೈವ್ ದೂರವನ್ನೂ ವ್ಯಾಪಾರ ಕುದುರಿದ್ದನ್ನೂ ಪಕ್ಕಪಕ್ಕ ಬರೆದೆ. ಎರಡು ಕಿಲೋಮೀಟರ್ ಒಳಗೆ ವಾಪಸ್ ಬಂದವರು ಕೊಂಡದ್ದು ಅಪರೂಪ. ಎಂಟು ಹತ್ತು ಕಿಲೋಮೀಟರ್ ಹೋಗಿ, ಮನೆ ಮುಂದೆ ನಿಲ್ಲಿಸಿ ಹೆಂಡತಿಗೆ ತೋರಿಸಿ ಬಂದವರು ಹೆಚ್ಚಾಗಿ ಕೊಂಡರು. ಈಗ ಟೆಸ್ಟ್ ಡ್ರೈವಿಗೆ ನಾನೇ ಹೇಳುತ್ತೇನೆ, "ಮನೆ ತನಕ ಹೋಗಿ ಬನ್ನಿ ಸಾರ್" ಎಂದು. ಜೊತೆಗೆ ನಮ್ಮ ಹುಡುಗ ಇರುತ್ತಾನೆ.

ಇನ್ನೊಂದು ಪ್ರಯೋಗ ಕೈ ಹತ್ತಲಿಲ್ಲ. ಗಾಡಿ ಕೊಳ್ಳದೆ, ಕಮಿಷನ್ ಮೇಲೆ ಯಾರ್ಡಲ್ಲಿ ನಿಲ್ಲಿಸಿ ಮಾರಿಕೊಡೋಣ ಎಂದು ಕೆಲವು ತಿಂಗಳು ನೋಡಿದೆ. ಬಂಡವಾಳ ಬೇಡ, ನಿಜ. ಆದರೆ ಮಾಲೀಕರು ದಿನಕ್ಕೊಂದು ರೇಟು ಹೇಳುತ್ತಾರೆ, ಗಿರಾಕಿ ಕೂತಿರುವಾಗಲೇ ಫೋನಲ್ಲಿ ಐದು ಸಾವಿರ ಏರಿಸುತ್ತಾರೆ. ಜಾಗ ತಿನ್ನುವ ಗಾಡಿ ಅವು. ಬಿಟ್ಟೆ.

ತೆರಿಗೆ ಬಗ್ಗೆ ಒಂದೇ ಮಾತು. 2025ರ ಜನವರಿ 16ರಿಂದ ಸಣ್ಣ ಗಾಡಿಯ ಮಾರ್ಜಿನ್ ಮೇಲೂ 12ರ ಬದಲು ಶೇ 18 ಜಿಎಸ್‌ಟಿ. 3.40 ಲಕ್ಷಕ್ಕೆ ಕೊಂಡು 3.85 ಲಕ್ಷಕ್ಕೆ ಮಾರಿದರೆ 45 ಸಾವಿರದ ಮೇಲೆ 8,100. ಟಿಂಕರಿಂಗ್, ಟೈರಿಗೆ ಹಾಕಿದ ದುಡ್ಡನ್ನು ಮಾರ್ಜಿನ್‌ನಿಂದ ಕಳೆಯಲು ಬರುವುದಿಲ್ಲ. ಹಾಗಾಗಿ ಹದಿನೈದು ಸಾವಿರಕ್ಕಿಂತ ಹೆಚ್ಚು ಕೆಲಸ ಬೇಡುವ ಗಾಡಿಯನ್ನು ಕೊಳ್ಳುವಾಗಲೇ ಅಷ್ಟು ಇಳಿಸಿ ಮಾತಾಡುತ್ತೇನೆ. ಬಿಲ್ಲು ಬರೆದು ಮಾರುವವನಿಗೆ ನಷ್ಟ ಅನ್ನುವವರಿಗೆ ನನ್ನ ಉತ್ತರ ಬ್ಯಾಂಕಿನಲ್ಲಿದೆ. ಕೈಸಾಲದವರಿಗೆ ತಿಂಗಳಿಗೆ ನೂರಕ್ಕೆ ಎರಡೂವರೆ ಬಡ್ಡಿ ಕಟ್ಟುತ್ತಿದ್ದವನಿಗೆ, 29ಬಿ ಮತ್ತು ವರ್ಷದ ಜಿಎಸ್‌ಟಿ ರಿಟರ್ನ್ ನೋಡಿ ಒಂದು ಸಹಕಾರಿ ಬ್ಯಾಂಕಿನವರು ಹನ್ನೆರಡು ಲಕ್ಷ ಓವರ್‌ಡ್ರಾಫ್ಟ್ ಕೊಟ್ಟರು, ವರ್ಷಕ್ಕೆ ಹನ್ನೆರಡರ ಆಸುಪಾಸಿನ ಬಡ್ಡಿಗೆ. ಬಡ್ಡಿಯಲ್ಲಿ ಉಳಿದ ದುಡ್ಡೇ ಹೊಸ ಯಾರ್ಡಿನ ಹೆಚ್ಚುವರಿ ಬಾಡಿಗೆಯನ್ನು ಹೆಚ್ಚುಕಡಿಮೆ ಕಟ್ಟುತ್ತಿದೆ. ಹಿಂದೆ ತಿಂಗಳಿಗೆ ನಾಲ್ಕೈದು ಗಾಡಿ ತಿರುಗುತ್ತಿದ್ದವು, ಈಗ ಎಂಟಕ್ಕೆ ಕಡಿಮೆಯಿಲ್ಲ.

ಸರ್ಟಿಫಿಕೇಟಿನಿಂದ ಇನ್ನೊಂದು ಅನುಕೂಲವನ್ನು ನಮ್ಮವರು ಗಮನಿಸಿದಂತಿಲ್ಲ. ಯಾರ್ಡಿನಲ್ಲಿ ನಿಂತ ಗಾಡಿಯ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ರಿನ್ಯೂವಲ್, ಡೂಪ್ಲಿಕೇಟ್ ಆರ್‌ಸಿ, ಎನ್‌ಒಸಿ, ಟ್ರಾನ್ಸ್‌ಫರ್ ಎಲ್ಲಕ್ಕೂ ಡೀಲರೇ ಅರ್ಜಿ ಹಾಕಬಹುದು. ಬೆಂಗಳೂರು ಬಿಟ್ಟು ಪುಣೆಗೆ ಹೋದ ಮಾಲೀಕರನ್ನು ಒಂದು ಸಹಿಗಾಗಿ ಹುಡುಕಿಕೊಂಡು ಅಲೆಯುವ ಕೆಲಸ ತಪ್ಪಿತು. ಹದಿನೈದು ವರ್ಷ ತುಂಬುತ್ತಿರುವ ಗಾಡಿಗಳನ್ನು ಬೇರೆಯವರು ಮುಟ್ಟಲು ಹೆದರುವಾಗ ನಾನು ಆರ್‌ಸಿ ರಿನ್ಯೂ ಮಾಡಿಸಿ ಮಾರುತ್ತೇನೆ, ಅದರಲ್ಲೇ ಒಳ್ಳೆಯ ಮಾರ್ಜಿನ್ ಇದೆ. ಅಂಥ ಗಾಡಿಗಳು ನನಗೆ ಎಲ್ಲಿಂದ ಸಿಗುತ್ತವೆ ಅನ್ನುವುದನ್ನು ಮಾತ್ರ ಹೇಳಲಾರೆ.

ಬೇಡ ಎಂದಿದ್ದ ಪಕ್ಕದ ಯಾರ್ಡಿನವರು ಹೋದ ತಿಂಗಳು ಬಂದು ನನ್ನ ಫೈಲು ಪೂರ್ತಿ ತಿರುವಿ ನೋಡಿಕೊಂಡು ಹೋದರು. ಅವರದ್ದೂ ಕನ್ವರ್ಷನ್ ಆಗದ ಜಾಗವೇ. ಅರ್ಜಿಗೆ ಮೊದಲು ಜಾಗದ ಕೆಲಸ ಮುಗಿಸಿಕೊಳ್ಳಿ ಎಂದಿದ್ದೇನೆ, ಮಾಲೀಕರ ಹತ್ತಿರ ಮಾತುಕತೆಗೆ ನಾನೇ ಜೊತೆಗೆ ಹೋಗುವವನಿದ್ದೇನೆ.