ಬಾಬಿಲೋನ್ ಎಂಬ ಹೆಸರನ್ನು ಓದುವ ಬಗೆ

ಭಾನುವಾರ ಸಂಜೆ ಮೈಸೂರಿನ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿ ಸತ್ಯವೇದ, ಅಂದರೆ ಬೈಬಲ್, ಓದುತ್ತೇವೆ. ಅದರ ಕೊನೆಯ ಪುಸ್ತಕವಾದ ಪ್ರಕಟನೆಯ 17ನೇ ಅಧ್ಯಾಯ ಬಂದ ದಿನ, ‘ಟೀಚರ್, ಬಾಬಿಲೋನ್ ಎಂದರೆ ಈಗಿನ ಯಾವ ದೇಶ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವರ್ಷಗಟ್ಟಲೆ ಭೂಗೋಳ ಕಲಿಸಿದವಳು ನಾನು. ಆದರೂ ಅಂದು ಭೂಪಟ ಮಡಚಿಡಿ ಎನ್ನುತ್ತೇನೆ.

ಬಾಬಿಲೋನ್ ಎಂಬ ಆ ಹಳೆಯ ಊರಿನ ಪಾಳು ಇರುವುದು ಇರಾಕಿನ ಹಿಲ್ಲಾ ಪಟ್ಟಣದ ಹತ್ತಿರ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅದು ಅಲ್ಲಿಗೆ ಮುಗಿಯಿತು. ಕೆಲವು ಕನ್ನಡ ಅನುವಾದಗಳಲ್ಲಿ ಬಾಬೆಲ್ ಎಂದಿರುತ್ತದೆ, ಗಾಬರಿ ಬೇಡ. ಊರಿನ ಹೆಸರು ಕಥೆಯನ್ನು ಹೊರುವುದು ಮಹಿಷನ ಊರಿನವರಿಗೆ ಹೊಸದೇನಲ್ಲ.

ಮೊದಲು 137ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮಿನ ದೇವಾಲಯ ಸುಟ್ಟು ಜನರನ್ನು ಸೆರೆ ಒಯ್ದಿತು. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿ ಅತ್ತವರು ಅವರೇ. ಕ್ರಿ.ಶ. 70ರಲ್ಲಿ ದೇವಾಲಯ ಮತ್ತೆ ಉರಿಯಿತು, ಈ ಸಲ ರೋಮಿನ ಸೈನಿಕರ ಕೈಯಲ್ಲಿ. ರೋಮ್ ಏಳು ಬೆಟ್ಟಗಳ ಊರು. ಆದ್ದರಿಂದ ಪ್ರಕಟನೆ ಬರೆದ ಯೋಹಾನನು ಏಳು ಬೆಟ್ಟಗಳ ಮೇಲೆ ಕುಳಿತ ಹೆಂಗಸನ್ನು ಬಾಬಿಲೋನ್ ಎಂದಾಗ, ಅದು ರೋಮ್ ಎಂದು ಕೇಳುವವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಪ್ರಕಟನೆಯ 18ನೇ ಅಧ್ಯಾಯವನ್ನು ಮಾತ್ರ ಓಡಿಸಬೇಡಿ. ಬಾಬಿಲೋನ್ ಬಿದ್ದಿತೆಂದು ವರ್ತಕರು ಅಳುವಲ್ಲಿ ಸರಕಿನ ಪಟ್ಟಿಯೊಂದಿದೆ. ದೇವರಾಜ ಮಾರುಕಟ್ಟೆಗೆ ಚೀಟಿ ಹಿಡಿದು ಹೋದವರಂತೆ ಒಂದೊಂದೇ ಓದಿ: ಬಂಗಾರ, ಬೆಳ್ಳಿ, ಮುತ್ತು, ರೇಷ್ಮೆ, ದಾಲ್ಚಿನ್ನಿ, ಧೂಪ, ಎಣ್ಣೆ, ಹಿಟ್ಟು, ಗೋಧಿ, ದನ, ಕುರಿ, ಕುದುರೆ, ರಥ. ರೇಷ್ಮೆ ಎಂದಾಗ ನಮ್ಮ ಹೆಂಗಸರು ತಲೆಯೆತ್ತುತ್ತಾರೆ. ಕಟ್ಟಕಡೆಗೆ, ಕುದುರೆ ರಥಗಳೂ ಆದ ಮೇಲೆ, ಮನುಷ್ಯರು. ಮಾರಾಟಕ್ಕೆ. ಅಲ್ಲಿ ಒಂದು ನಿಮಿಷ ಸುಮ್ಮನಿರಿ. ವ್ಯಾಖ್ಯಾನ ಬೇಕಿಲ್ಲ.

ಒಮ್ಮೆ ಬಂದಿದ್ದ ಬೋಧಕರೊಬ್ಬರು ತಮಗಾಗದ ಬೇರೊಂದು ಕ್ರೈಸ್ತ ಸಭೆಯನ್ನೇ ಬಾಬಿಲೋನ್ ಎಂದು ಒಂದೂವರೆ ಗಂಟೆ ಬೈದರು. ಕೊಟ್ಟ ಕಾಫಿ ಲೋಟದಲ್ಲೇ ಕೆನೆಗಟ್ಟಿತು. ಅಂದಿನಿಂದ ನಮ್ಮಲ್ಲೊಂದು ಕಟ್ಟಳೆ: ಬೇರೆಯವರ ಹೆಸರೆತ್ತುವ ಮೊದಲು ನಿಮ್ಮ ಮನೆಯ ಒಂದು ವಸ್ತು ಹೇಳಿ, ಅದರ ಹಿಂದೆ ಯಾರ ಕೈಯಿದೆ ಎಂದೂ ಹೇಳಿ. ನಾನು ನನ್ನ ಮದುವೆ ಸೀರೆ ಎಂದೆ. ಕುದಿನೀರಿನ ಗೂಡುಗಳಿಂದ ಎಳೆ ಎತ್ತುವ ಹೆಂಗಸೊಬ್ಬಳ ಬೆರಳುಗಳನ್ನು ನೋಡಿದ್ದೇನೆ. ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಚರ್ಮ ಸುಲಿದಿತ್ತು.

ಕೊನೆಗೆ ಯೆರೆಮೀಯ ಪುಸ್ತಕದ 29ನೇ ಅಧ್ಯಾಯ. ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬೈಯಲು ಸಿದ್ಧರಾಗಿ ಬಂದವರಿಗೆ ಇದು ರುಚಿಸುವುದಿಲ್ಲ. ಅವರಿಂದಲೇ ಓದಿಸಿ.