ಮೋರ್ಯರ ಗುಡ್ಡದ ಪಕ್ಕದಲ್ಲಿ ‘ಹಾಬಿಟ್’ ಹೇಳಿದ್ದು

ಜೆ.ಆರ್.ಆರ್. ಟೋಲ್ಕಿನ್ ಬರೆದ ‘ದಿ ಹಾಬಿಟ್’ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ಓದಿಕೋ ಅನ್ನುವುದಕ್ಕಿಂತ, ಎದುರು ಕೂರಿಸಿಕೊಂಡು ಹೇಳಬೇಕು. ಅದು ಕಿವಿಗೆ ಅಂತಲೇ ಹುಟ್ಟಿದ ಕಥೆ. ಹಾಬಿಟ್ ಅಂದರೆ ಗಿಡ್ಡ ಜನರ ಒಂದು ಜಾತಿ. ಬಿಲ್ಬೋ ಅನ್ನುವ ಹಾಬಿಟ್ 13 ಕುಳ್ಳರ ಜೊತೆ, ಬೆಂಕಿ ಕಾರುವ ಡ್ರ್ಯಾಗನ್ ಕಿತ್ತುಕೊಂಡ ಅವರ ನಿಧಿಯನ್ನು ಮರಳಿ ತರಲು ಹೊರಡುತ್ತಾನೆ. ಗಂಗಾವತಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಶನಿವಾರ ಶಾಲೆ ಬೇಗ ಬಿಡುತ್ತದೆ. ಊಟ ಮಾಡಿ ಬರುವ ಮಕ್ಕಳಿಗೆ ವಾರಕ್ಕೊಂದು ಅಧ್ಯಾಯದ ಲೆಕ್ಕದಲ್ಲಿ ಇಡೀ ಕಥೆ ಹೇಳಿ ಮುಗಿಸಿದೆ. ಇಂಗ್ಲಿಷ್ ಪುಸ್ತಕವನ್ನು ಮೊದಲೇ ಓದಿ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಬಾಯಲ್ಲಿ ಹೇಳುವುದು. ಹೇಗೆ ಹೇಳಿದೆ, ಮಕ್ಕಳು ಯಾವುದನ್ನು ಹಿಡಿದುಕೊಂಡರು ಅನ್ನುವುದನ್ನು ಬರೆಯುತ್ತಿದ್ದೇನೆ. ಲೈಬ್ರರಿ ನೋಡಿಕೊಳ್ಳುವವರಿಗೆ, ಟೀಚರುಗಳಿಗೆ ಉಪಯೋಗ ಆಗಬಹುದು.

ಪುಸ್ತಕ ಹೊರಬಂದದ್ದು 1937ರ ಸೆಪ್ಟೆಂಬರ್ 21ರಂದು. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್. ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಾಗ ಯಾರೋ ವಿದ್ಯಾರ್ಥಿ ಖಾಲಿ ಬಿಟ್ಟ ಹಾಳೆ ಸಿಕ್ಕಿತು, ಅದರ ಮೇಲೆ ಮೊದಲ ವಾಕ್ಯ ಬರೆದರು. ಆಮೇಲೆ ಮನೆಯಲ್ಲಿ ಮಕ್ಕಳಿಗೆ ಹೇಳುತ್ತ ಹೇಳುತ್ತ ಬೆಳೆಸಿದರು. ಮಗ ಕ್ರಿಸ್ಟೋಫರ್ ಇನ್ನೂ ಚಿಕ್ಕವನು. ನಡುವೆ ಬಾಯಿ ಹಾಕಿ, ‘ಹೋದ ಸಲ ಬಿಲ್ಬೋನ ಬಾಗಿಲು ನೀಲಿ ಅಂದಿದ್ದಿ, ಈಗ ಹಸಿರು ಅಂತೀಯ’ ಎಂದು ಅಪ್ಪನನ್ನು ಹಿಡಿಯುತ್ತಿದ್ದ. ಪ್ರಕಾಶಕರಾದ ಸ್ಟ್ಯಾನ್ಲಿ ಅನ್ವಿನ್ ಕೂಡ ಹಸ್ತಪ್ರತಿಯನ್ನು ಓದಲು ಕೊಟ್ಟದ್ದು 10 ವರ್ಷದ ಮಗ ರೇನರ್‌ಗೆ. ಅವನು ಒಂದು ಶಿಲ್ಲಿಂಗ್ ಕೂಲಿಗೆ ಓದಿ, ಚೆನ್ನಾಗಿದೆ ಅಂತ ವರದಿ ಬರೆದುಕೊಟ್ಟ. ಅಂದರೆ ಈ ಕಥೆಯನ್ನು ಮೊದಲು ಒರೆಗೆ ಹಚ್ಚಿದವರೇ ಮಕ್ಕಳು. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ ಅಂತ ನನ್ನ ಅನಿಸಿಕೆ.

ನಮ್ಮ ಮಕ್ಕಳೂ ಕ್ರಿಸ್ಟೋಫರ್‌ನಂಥವರೇ. ಹಾಗಾಗಿ ಶುರುವಿನಲ್ಲೇ ಒಂದು ಡ್ರಾಯಿಂಗ್ ಹಾಳೆಯಲ್ಲಿ 13 ಕುಳ್ಳರ ಹೆಸರು, ಅವರ ಟೊಪ್ಪಿಗೆಯ ಬಣ್ಣ ಬರೆದು ಗೋಡೆಗೆ ಅಂಟಿಸಿದೆ. ದ್ವಾಲಿನ್ ಕಡು ಹಸಿರು. ಬಾಲಿನ್ ಕೆಂಪು, ಗಡ್ಡ ಬೆಳ್ಳಗೆ. ಅವರ ನಾಯಕ ಥೋರಿನ್ ತಿಳಿ ನೀಲಿ, ತುದಿಗೆ ಬೆಳ್ಳಿ ಕುಚ್ಚು. ಒಬ್ಬೊಬ್ಬ ಕುಳ್ಳನನ್ನು ಒಬ್ಬಿಬ್ಬರು ಮಕ್ಕಳಿಗೆ ಹಂಚಿದೆ. ಅವರ ಹೆಸರು ಬಂದಾಗ ಅವರೇ ಕೂಗಬೇಕು. ಇದರಿಂದ ಎರಡು ಲಾಭ. 13 ಹೆಸರು ಕಲಸಿ ಹೋಗುವುದಿಲ್ಲ, ಹಿಂದೆ ಕೂತವರೂ ನಿದ್ದೆ ಹೋಗುವುದಿಲ್ಲ. ಮೊದಲ ಅಧ್ಯಾಯದಲ್ಲಿ ಕುಳ್ಳರು ಊಟ ಮುಗಿಸಿ ಪಾತ್ರೆ ಎಸೆದಾಡುತ್ತ ಹಾಡುವ ಜಾಗ ಇದೆಯಲ್ಲ, ಅಲ್ಲಿ ಮಕ್ಕಳು ಬಿಸಿಯೂಟದ ತಟ್ಟೆ ಬಡಿದರು. ಉಳಿದ ಹಾಡುಗಳನ್ನು ಅರ್ಥ ಹೇಳಿ ಮುಂದೆ ಹೋದೆ.

ಬಿಲ್ಬೋಗೆ ಸುಮಾರು 50 ವರ್ಷ ಅಂದಾಗ ಮಕ್ಕಳಿಗೆ ನಂಬಿಕೆ ಬರಲಿಲ್ಲ. ಕಥೆಯ ಹೀರೋ ಅಷ್ಟು ದೊಡ್ಡವನಾ? ಆದರೆ ಆಳು ಗಿಡ್ಡ. ಹೊತ್ತುಹೊತ್ತಿಗೆ ಊಟ ಬೇಕು, ಮನೆ ಬಿಟ್ಟು ಹೋಗಲು ಭಯ, ಹೊರಟಾಗ ಕರವಸ್ತ್ರ ಮರೆತ ಅಂತ ದುಃಖ. ಎರಡನೇ ಶನಿವಾರದ ಹೊತ್ತಿಗೆ ಅವನು ಅವರಲ್ಲಿ ಒಬ್ಬನಾಗಿದ್ದ. ಭಯ ಇಲ್ಲದ ಶೂರನ ಕಥೆ ಮಕ್ಕಳು ಸಾಕಷ್ಟು ನೋಡಿದ್ದಾರೆ. ಭಯ ಇಟ್ಟುಕೊಂಡೇ ಹೆಜ್ಜೆ ಮುಂದಿಡುವವನು ಅವರಿಗೆ ಹೊಸಬ. ಡ್ರ್ಯಾಗನ್ ಗುಹೆಯ ಸುರಂಗದಲ್ಲಿ ಅವನು ಒಬ್ಬನೇ ಇಳಿಯುತ್ತ ನಡುವೆ ನಿಂತುಬಿಡುತ್ತಾನೆ, ಆಮೇಲೆ ಮತ್ತೆ ನಡೆಯುತ್ತಾನೆ. ಅವನು ಮಾಡಿದ ಅತಿ ದೊಡ್ಡ ಧೈರ್ಯದ ಕೆಲಸ ಅದೇ ಅಂತ ಪುಸ್ತಕವೇ ಹೇಳುತ್ತದೆ. ಅಲ್ಲಿ ನಾನೂ ಹೇಳುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಬ್ಬ ಹುಡುಗ ತಡೆಯಲಾರದೆ, ‘ಹೋಗಲೋ ಮಾರಾಯ’ ಅಂದ.

ಒಂದು ಮಾತು ಇಲ್ಲೇ ಹೇಳಬೇಕು. ‘ಅಕ್ಕಾರ, ಇದರಾಗ ಹುಡುಗ್ಯಾರ ಇಲ್ಲೇನ್ರಿ?’ ಅಂತ ಏಳನೇ ತರಗತಿಯ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಬಿಲ್ಬೋನ ತಾಯಿಯ ಹೆಸರು ಬರುತ್ತದೆ, ಅಷ್ಟೇ. ಮಾತಾಡುವ ಹೆಣ್ಣು ಪಾತ್ರ ಇಲ್ಲ. ಇಲ್ಲ ಅಂತಲೇ ಹೇಳಿದೆ. ಥೋರಿನ್ ಪಾತ್ರ ಅವಳಿಗೇ ಕೊಟ್ಟೆ. ರಾಜನ ಗತ್ತು ಅವಳಿಗೆ ತುಂಬಾ ಚೆನ್ನಾಗಿ ಬಂತು.

ಎರಡನೇ ಅಧ್ಯಾಯದಲ್ಲಿ ಮೂವರು ರಾಕ್ಷಸರು ಕುಳ್ಳರನ್ನು ಚೀಲದಲ್ಲಿ ಕಟ್ಟಿ, ಹೇಗೆ ತಿನ್ನಬೇಕು ಅಂತ ಜಗಳಕ್ಕೆ ಬೀಳುತ್ತಾರೆ. ಮಾಂತ್ರಿಕ ಗ್ಯಾಂಡಾಲ್ಫ್ ಮರೆಯಲ್ಲಿ ನಿಂತು ಅವರದ್ದೇ ದನಿಯಲ್ಲಿ ಮಾತಾಡಿ ಜಗಳ ಬೆಳೆಸುತ್ತಾನೆ. ಅಷ್ಟರಲ್ಲಿ ಬೆಳಗಾಗಿ ಮೂವರೂ ಕಲ್ಲಾಗುತ್ತಾರೆ. ನಮ್ಮ ಕಡೆ ಎಲ್ಲಿ ನೋಡಿದರೂ ಬಂಡೆ ತಾನೇ? ಒಂದರ ಮೇಲೊಂದು ಕೂತ ಬಂಡೆ, ವಾಲಿ ನಿಂತ ಬಂಡೆ. ಮರುದಿನವೇ ಕೆರೆಯ ಆಚೆಗಿನ ಮೂರು ಬಂಡೆಗಳಿಗೆ ಬರ್ಟ್, ಟಾಮ್, ವಿಲಿಯಂ ಅಂತ ಹೆಸರು ಬಿದ್ದಿತ್ತು. ಆನೆಗೊಂದಿ, ಅಂಜನಾದ್ರಿಯ ಸುತ್ತ ಬೆಳೆದ ಮಕ್ಕಳಿಗೆ ಗುಡ್ಡಕ್ಕೊಂದು ಕಥೆ ಇರುವುದು ಹೊಸದಲ್ಲ. ವಾಲಿ ಗುಹೆಯೊಳಗೆ ಮಾಯಾವಿಯ ಜೊತೆ ಹೊಡೆದಾಡಿದ್ದು, ಸುಗ್ರೀವ ಗುಹೆಯ ಬಾಯಿಗೆ ಬಂಡೆ ಇಟ್ಟದ್ದು ಅವರಿಗೆ ಅಜ್ಜಿ ಹೇಳಿಯೇ ಗೊತ್ತು.

ಕುಳ್ಳರು ಅಂದಾಗಲೇ ಮಕ್ಕಳು ಮೋರ್ಯರ ಗುಡ್ಡಕ್ಕೆ ಹೋಗಿಬಿಟ್ಟರು. ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲಿನ ಮನೆಗಳನ್ನು ಮೋರ್ಯರು ಅನ್ನುವ ಗಿಡ್ಡ ಜನ ಕಟ್ಟಿದರು ಅಂತ ಈ ಭಾಗದಲ್ಲಿ ಹಿರಿಯರು ಹೇಳುತ್ತಾರೆ. ‘ಅಕ್ಕಾರ, ಥೋರಿನ್ ಅವರು ನಮ್ಮ ಮೋರ್ಯರ ಮಂದೀನಾ?’ ಇಂಥ ಪ್ರಶ್ನೆಗೆ ಗ್ರಂಥಾಲಯದಲ್ಲಿ ಕೂತು ಉತ್ತರ ಹೇಳಬಾರದು. ಒಂದು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದೆವು. ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳದ ಕಲ್ಲು, ಎದುರಿನ ಚಪ್ಪಡಿಯಲ್ಲಿ ದುಂಡನೆಯ ತೂತು. ಬೇರೆ ಬೇರೆ ಬಗೆಯ ಇಂಥ ಕಲ್ಲಿನ ಕಟ್ಟಡಗಳು ಸುಮಾರು 400 ಇವೆ. ಇವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ್ದು, 2000 ವರ್ಷಕ್ಕಿಂತ ಹಳೆಯವು, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ ಅಂತ ತಿಳಿಸಿ ಹೇಳಿದೆ. ಯಾವ ಕಲ್ಲನ್ನೂ ಅಲುಗಾಡಿಸಬಾರದು, ಮೇಲೆ ಹತ್ತಬಾರದು ಅಂತ ಮೊದಲೇ ಮಾತು ತೆಗೆದುಕೊಂಡಿದ್ದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಆ ದುಂಡು ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಲ್ಬೋನ ಬಾಗಿಲು ಹೀಗೇ ದುಂಡಗೆ ಇತ್ತಲ್ಲ, ದಪ್ಪ ಬಾಂಬುರ್ ಇದರಲ್ಲಿ ಹಿಡಿಸುತ್ತಾನಾ ಅಂತ ಚರ್ಚೆ ಶುರು ಮಾಡಿದರು. ಇತಿಹಾಸ ಬೇರೆ, ಕಥೆ ಬೇರೆ ಅನ್ನುವುದು ಅವರಿಗೆ ಗೊತ್ತಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಮಕ್ಕಳಿಗೆ ಯಾವ ಕಷ್ಟವೂ ಇಲ್ಲ.

ಐದನೇ ಅಧ್ಯಾಯ ಪುಸ್ತಕದ ಜೀವ. ಬಿಲ್ಬೋ ಕತ್ತಲ ಸುರಂಗದಲ್ಲಿ ದಾರಿ ತಪ್ಪುತ್ತಾನೆ, ಕೈಗೆ ಒಂದು ಉಂಗುರ ಸಿಗುತ್ತದೆ. ನೆಲದೊಳಗಿನ ಕೆರೆಯ ದಡದಲ್ಲಿ ಗೋಲಮ್ ಅನ್ನುವ ವಿಚಿತ್ರ ಜೀವಿ ಎದುರಾಗುತ್ತಾನೆ. ಇಬ್ಬರೂ ಒಡಪು, ಅಂದರೆ ಒಗಟು, ಹಾಕುತ್ತಾರೆ. ಬಿಲ್ಬೋ ಗೆದ್ದರೆ ಹೊರದಾರಿ ತೋರಿಸಬೇಕು, ಸೋತರೆ ಗೋಲಮ್ ಅವನನ್ನು ತಿನ್ನುತ್ತಾನೆ. ಈ ಅಧ್ಯಾಯದ ಹಿಂದಿನ ವಾರ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಮನೆಯಲ್ಲಿ ಅಜ್ಜಿ, ಅಮ್ಮ, ದೊಡ್ಡಮ್ಮನ ಹತ್ತಿರ ಒಡಪು ಕೇಳಿಕೊಂಡು ಬನ್ನಿ. ರಾಶಿ ಬಂದವು. ‘ಅಮ್ಮನ ಸೀರೆ ಮಡಚಲಾಗದು, ಅಪ್ಪನ ದುಡ್ಡು ಎಣಿಸಲಾಗದು’ ಅನ್ನುವುದನ್ನು ಎಷ್ಟೋ ಜನ ತಂದಿದ್ದರು. ಆಕಾಶ, ನಕ್ಷತ್ರ ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಆಮೇಲೆ ಕಿಟಕಿ ಮುಚ್ಚಿ, ಗೋಲಮ್‌ನ ಒಡಪುಗಳನ್ನು ಒಂದೊಂದಾಗಿ ಬಿಟ್ಟೆ. ಉತ್ತರ ನಾನು ಹೇಳಲಿಲ್ಲ. ಬೆಟ್ಟ, ಗಾಳಿ, ಕತ್ತಲೆ ಬೇಗ ಬಂದವು. ಮೀನು ಕಷ್ಟ ಆಯಿತು. ಬಿಲ್ಬೋಗೂ ಅಲ್ಲಿ ಕಷ್ಟವೇ. ಮೀನೊಂದು ನೀರಿಂದ ಹಾರಿ ಕಾಲ ಮೇಲೆ ಬಿದ್ದದ್ದರಿಂದ ಅವನು ಬಚಾವಾದ. ಕೊನೆಗೆ ಅವನು ‘ನನ್ನ ಜೇಬಿನಲ್ಲಿ ಏನಿದೆ?’ ಅಂತ ಕೇಳುತ್ತಾನಲ್ಲ, ಅಲ್ಲಿ ದೊಡ್ಡ ಗಲಾಟೆ. ‘ಅದು ಒಡಪು ಅಲ್ರಿ, ಮೋಸ!’ ಹಳೆಯ ನಿಯಮದ ಪ್ರಕಾರ ಅದು ನಿಜವಾದ ಒಡಪಲ್ಲ ಅಂತ ಕಥೆ ಹೇಳುವವನೂ ಒಪ್ಪುತ್ತಾನೆ. ಮಕ್ಕಳು ಯಾರ ಸಹಾಯವೂ ಇಲ್ಲದೆ ಅದೇ ತೀರ್ಪಿಗೆ ಬಂದಿದ್ದರು.

ಈ ಅಧ್ಯಾಯಕ್ಕೆ ಎರಡು ರೂಪ ಇರುವುದು ನನಗೆ ದೊಡ್ಡ ಅನುಕೂಲ ಆಯಿತು. 1937ರ ಪುಸ್ತಕದಲ್ಲಿ ಗೋಲಮ್ ಸೋತರೆ ಉಡುಗೊರೆ ಕೊಡುತ್ತೇನೆ ಅಂದಿರುತ್ತಾನೆ. ಕೊಡಬೇಕಾದ ಉಂಗುರ ಸಿಗದೆ ಕ್ಷಮೆ ಕೇಳಿ, ಅದರ ಬದಲು ದಾರಿ ತೋರಿಸಿ ಬಿಡುತ್ತಾನೆ. 1951ರಲ್ಲಿ ಟೋಲ್ಕಿನ್ ಇದನ್ನು ತಿದ್ದಿದರು. ಮುಂದಿನ ದೊಡ್ಡ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಆ ಉಂಗುರ ಕೆಟ್ಟ ಶಕ್ತಿಯದ್ದಾಗಬೇಕಿತ್ತು. ಹೊಸ ರೂಪದಲ್ಲಿ ಗೋಲಮ್ ಸಿಟ್ಟಿನಿಂದ ಕೊಲ್ಲಲು ಬರುತ್ತಾನೆ. ಉಂಗುರ ಹಾಕಿಕೊಂಡು ಕಣ್ಣಿಗೆ ಕಾಣದಂತಾದ ಬಿಲ್ಬೋ, ಕೈಯಲ್ಲಿ ಕತ್ತಿ ಇದ್ದರೂ ಅವನ ಒಂಟಿ ಬಾಳು ನೆನೆದು ಕನಿಕರಪಟ್ಟು, ತಲೆಯ ಮೇಲಿಂದ ಜಿಗಿದು ಪಾರಾಗುತ್ತಾನೆ. ನಾನು ಎರಡೂ ರೂಪ ಹೇಳಿ ಯಾವುದು ಬೇಕು ಅಂತ ಕೇಳಿದೆ. ಸಣ್ಣವರು ಮೊದಲನೆಯದಕ್ಕೆ ಕೈ ಎತ್ತಿದರು, ಅದರಲ್ಲಿ ಯಾರಿಗೂ ನೋವಿಲ್ಲ. ದೊಡ್ಡವರಿಗೆ ಎರಡನೆಯದೇ ಬೇಕಾಯಿತು. ನನ್ನ ಮತವೂ ಎರಡನೆಯದಕ್ಕೆ. ಕೊಲ್ಲುವ ಅವಕಾಶ ಇದ್ದೂ ಬಿಟ್ಟು ಬಂದದ್ದರಿಂದಲೇ ಆ ಜಿಗಿತಕ್ಕೆ ತೂಕ ಬಂದಿದೆ.

ಕರಡಿಯಾಗಿ ಬದಲಾಗುವ ಬಿಯೋರ್ನ್, ಕಾಡಿನ ಜೇಡಗಳು, ಪೀಪಾಯಿಯಲ್ಲಿ ತೇಲಿ ಹೋಗುವುದು, ಇವೆಲ್ಲ ತಾವಾಗೇ ಓಡುವ ಅಧ್ಯಾಯಗಳು. ಹೇಳುವವರಿಗೆ ಹೆಚ್ಚು ಶ್ರಮ ಇಲ್ಲ. ಕಾಡಿನ ದಾರಿ ಮಾತ್ರ ಉದ್ದ, ಅಲ್ಲಿ ಸ್ವಲ್ಪ ಬೇಗ ನಡೆಯಬೇಕು.

ಡ್ರ್ಯಾಗನ್ ಸ್ಮಾಗ್ ಬಂದಾಗ ನಾನು ವಿವರಿಸುವುದು ಏನೂ ಉಳಿದಿರಲಿಲ್ಲ. ‘ನಿಧಿ ಕಾಯೋ ಸರ್ಪ!’ ಅಂತ ಅವರೇ ಅಂದರು. ನಿಧಿ ಇದ್ದಲ್ಲಿ ಸರ್ಪ ಇರುತ್ತದೆ ಅನ್ನುವ ಮಾತು ನಮ್ಮ ಕಡೆ ಮನೆಮನೆಯಲ್ಲಿ ಇದೆ. ನಿಧಿ ಆಸೆಗೆ ಹಳೆಯ ಗುಡಿ ಅಗೆಯುವವರ ಸುದ್ದಿಯೂ ಮಕ್ಕಳ ಕಿವಿಗೆ ಬಿದ್ದಿರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿ ನವವೃಂದಾವನದ ವ್ಯಾಸರಾಜರ ವೃಂದಾವನವನ್ನು ಕಿತ್ತು ಹಾಕಿದ್ದು ನಿಧಿಗಳ್ಳರೇ. ಹಾಗಾಗಿ ಇಷ್ಟೊಂದು ಚಿನ್ನದ ಮೇಲೆ ಮಲಗಿದ ಸ್ಮಾಗ್ ಒಂದೇ ಒಂದು ಬಟ್ಟಲು ಕಳುವಾಗಿದ್ದಕ್ಕೆ ಬೆಂಕಿ ಕಾರುತ್ತ ಎದ್ದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಬೇರೆ ಕಡೆ. ಸ್ಮಾಗ್‌ನನ್ನು ಕೊಲ್ಲುವುದು ಬಿಲ್ಬೋ ಅಲ್ಲ, ಸರೋವರದ ಊರಿನ ಬಾರ್ಡ್ ಅನ್ನುವ ಬಿಲ್ಲುಗಾರ. ಎದೆಯ ಎಡಕ್ಕೆ ರಕ್ಷಣೆ ಇಲ್ಲದ ಜಾಗ ಇದೆ ಅಂತ ಬಿಲ್ಬೋ ಕಂಡುಹಿಡಿದಿದ್ದ, ಆ ಸುದ್ದಿಯನ್ನು ಒಂದು ಹಕ್ಕಿ ಬಾರ್ಡ್‌ಗೆ ಮುಟ್ಟಿಸುತ್ತದೆ. ಹಾವು ಸತ್ತ ಮೇಲೆ ಕಥೆ ಮುಗಿಯಬೇಕಿತ್ತು ಅಲ್ವಾ? ಮುಗಿಯುವುದಿಲ್ಲ. ಚಿನ್ನ ಯಾರದ್ದು ಅನ್ನುವ ಜಗಳ ಶುರುವಾಗುತ್ತದೆ. ಇಷ್ಟು ವರ್ಷ ಈ ಪುಸ್ತಕ ಉಳಿದಿರುವುದು ಮುಖ್ಯವಾಗಿ ಈ ಕಾರಣಕ್ಕೆ ಅಂತ ನಾನು ನಂಬುತ್ತೇನೆ.

ಆ ಶನಿವಾರ ಕಥೆ ನಿಲ್ಲಿಸಿ ಪಂಚಾಯ್ತಿ ಸೇರಿಸಿದೆ. ಸ್ಮಾಗ್‌ನ ಬೆಂಕಿಗೆ ಊರು ಸುಟ್ಟುಹೋದ ಜನ ನಿಧಿಯಲ್ಲಿ ಪಾಲು ಕೇಳಲು ಬಂದಿದ್ದಾರೆ. ಥೋರಿನ್ ಹೆಬ್ಬಾಗಿಲಿಗೆ ಕಲ್ಲು ಕಟ್ಟಿ ಕೂತಿದ್ದಾನೆ, ಒಂದು ಕಾಸೂ ಕೊಡಲ್ಲ ಅನ್ನುತ್ತಾನೆ. ಅವನಿಗೆ ಎಲ್ಲಕ್ಕಿಂತ ಪ್ರಿಯವಾದ ಆರ್ಕೆನ್‌ಸ್ಟೋನ್ ಎಂಬ ಮಣಿ ಬಿಲ್ಬೋ ಹತ್ತಿರ ಗುಟ್ಟಾಗಿ ಇದೆ. ಕರಾರಿನ ಪ್ರಕಾರ ಅವನಿಗೆ 14ರಲ್ಲಿ ಒಂದು ಪಾಲು ಬರಬೇಕು. ರಾತ್ರೋರಾತ್ರಿ ಅವನು ಆ ಮಣಿಯನ್ನು ಎದುರು ಪಾಳೆಯಕ್ಕೆ ಕೊಟ್ಟುಬಿಡುತ್ತಾನೆ, ಇದನ್ನು ಇಟ್ಟುಕೊಂಡು ಥೋರಿನ್ ಜೊತೆ ರಾಜಿ ಮಾಡಿಕೊಳ್ಳಿ ಅಂತ. ಸರಿಯಾ, ತಪ್ಪಾ?

‘ಊರು ಸುಟ್ಟದ್ದಕ್ಕ ಪರಿಹಾರ ಕೊಡಬೇಕಲ್ರಿ’ ಅಂದ ಒಬ್ಬ. ಬೆಳೆ ಪರಿಹಾರದ ಮಾತು ಮನೆಯಲ್ಲಿ ಕೇಳಿ ಗೊತ್ತಿದ್ದ ಹುಡುಗ. ‘ಪರಿಹಾರ ಕೊಡೋದು ಥೋರಿನ್. ಇವ ಯಾರು ಕೊಡಾಕ?’ ಅಂತ ಥೋರಿನ್ ಪಾತ್ರದ ಹುಡುಗಿ ಎದ್ದು ನಿಂತಳು. ಕೇಳದೆ ತೆಗೆದರೆ ಕಳ್ಳತನ ಅಂತ ಅವಳ ವಾದ. ಅವನ ಪಾಲನ್ನೇ ಅವನು ಕೊಟ್ಟ ಅಂತ ಇನ್ನೊಬ್ಬಳು. ಪಾಲು ಮಾಡುವ ಮೊದಲೇ ಹೇಗೆ ಅವನದ್ದಾಗುತ್ತದೆ ಅಂತ ಮತ್ತೊಬ್ಬ. ಅಲ್ಲಿವರೆಗೆ ಬಾಯಿ ಬಿಡದೆ ಮೂಲೆಯಲ್ಲಿ ಕೂತಿದ್ದ ಐದನೇ ತರಗತಿಯ ಹುಡುಗ ಕೊನೆಗೆ ಹೇಳಿದ: ‘ಕಳ್ಳ ಆಗಿದ್ರ ಓಡಿ ಹೋಗತಿದ್ದ. ಇವ ಕುಳ್ಳರ ಹತ್ರ ವಾಪಸ್ ಬಂದಾನ.’ ಹೌದು, ಬಿಲ್ಬೋ ಮಣಿ ಕೊಟ್ಟು, ಬೈಗುಳ ತಿನ್ನಲು ಗೆಳೆಯರ ಹತ್ತಿರವೇ ಮರಳುತ್ತಾನೆ. ಆಮೇಲೆ ನಡೆಯುವ ಯುದ್ಧದಲ್ಲಿ ಗಾಯಗೊಂಡು ಸಾಯುವ ಹೊತ್ತಿಗೆ ಥೋರಿನ್ ಅವನನ್ನು ಕರೆಸಿ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅದನ್ನು ಹೇಳಿದ ದಿನ ಥೋರಿನ್ ಪಾತ್ರದ ಹುಡುಗಿ ಕಣ್ಣೊರೆಸಿಕೊಂಡಳು, ಆದರೆ ತನ್ನ ವಾದ ಬಿಡಲಿಲ್ಲ. ಬಿಡಬೇಕು ಅಂತ ನಾನೂ ಹೇಳಲಿಲ್ಲ.

ಐದು ಸೈನ್ಯಗಳ ಯುದ್ಧವನ್ನು ಬೇಗ ಮುಗಿಸಿದೆ. ಬಿಲ್ಬೋ ತಲೆಗೆ ಕಲ್ಲು ಬಿದ್ದು ಮೂರ್ಛೆ ಹೋಗಿರುತ್ತಾನೆ, ಪುಸ್ತಕವೂ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ಕೊನೆಯ ಅಧ್ಯಾಯವನ್ನು ಮಾತ್ರ ಯಾರೂ ಬಿಡಬಾರದು. ಬಿಲ್ಬೋ ಎರಡು ಸಣ್ಣ ಪೆಟ್ಟಿಗೆಯಷ್ಟು ಬೆಳ್ಳಿ, ಬಂಗಾರ ಹೊತ್ತು ಊರಿಗೆ ಬರುತ್ತಾನೆ. ನೋಡಿದರೆ ಅವನು ಸತ್ತ ಅಂತ ತಿಳಿದು ಮನೆ ಸಾಮಾನು ಹರಾಜು ಹಾಕುತ್ತಿದ್ದಾರೆ. ತನ್ನ ಸಾಮಾನನ್ನು ತಾನೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ. ಬೆಳ್ಳಿ ಚಮಚಗಳು ಕೊನೆಗೂ ಸಿಗುವುದಿಲ್ಲ. ಇದು ನಗಿಸುವ ಅಧ್ಯಾಯ ಅಂತ ನಾನು ಅಂದುಕೊಂಡಿದ್ದೆ, ಮಕ್ಕಳು ನಕ್ಕರು ಕೂಡ. ಆದರೆ ಮನೆಯವರ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಬಂದಿದ್ದ ಒಬ್ಬ ಹುಡುಗ, ‘ನಾವು ಬಂದಾಗೂ ಹಿಂಗ ಆಗಿತ್ರಿ. ನಮ್ಮ ಮನ್ಯಾಗ ಬ್ಯಾರೆಯವರು ಚೀಲ ತುಂಬಿಟ್ಟಿದ್ರು’ ಅಂದ. ಉಳಿದವರು ಅವನ ಕಡೆ ತಿರುಗಿದರು. ಚೀಲ ಯಾರದ್ದು, ಆಮೇಲೆ ತೆಗೆದರಾ, ನಿಮ್ಮ ಸಾಮಾನು ಎಲ್ಲ ಸಿಕ್ಕಿತಾ ಅಂತ ಕೇಳುತ್ತ ಹೋದರು. ಅವನ ಕಥೆಯನ್ನೂ ಪೂರ್ತಿ ಕೇಳಿದೆವು.

ಈಗ ಮತ್ತೆ ಮೊದಲ ಅಧ್ಯಾಯದಿಂದ ಶುರು ಮಾಡುತ್ತಿದ್ದೇವೆ, ಹೊಸ ಮಕ್ಕಳು ಸೇರಿದ್ದಾರೆ. ಈ ಸಲ ಹೇಳುವವರು ದೊಡ್ಡ ಹುಡುಗಿಯರಿಬ್ಬರು. ಅವರಲ್ಲಿ ಒಬ್ಬಳು ಥೋರಿನ್. ನೋಟ್‌ಬುಕ್ ಅವರ ಕೈಗೆ ಕೊಟ್ಟಿದ್ದೇನೆ. ಪಂಚಾಯ್ತಿಯ ದಿನ ಎರಡು ಶನಿವಾರ ಬೇಕು ಅಂತ ಅವರು ಈಗಲೇ ಹೇಳಿದ್ದಾರೆ.